ಡ್ರೈಸೂಟ್ ಆರ್ಡರ್ ಮಾಡುವ ಮುನ್ನ ಟೈಲರ್ ಹತ್ತಿರ ಹೋಗಿ

ನೇತ್ರಾಣಿಯಲ್ಲಿ ಡೈವಿಂಗ್ ಕಲಿತವರಿಗೆ 3 ಮಿ.ಮೀ. ವೆಟ್‌ಸೂಟ್ ಸಾಕಾಗಿರುತ್ತದೆ. ಅಲ್ಲಿ ನೀರೇ ಬೆಚ್ಚಗಿರುತ್ತದೆ. ಓದಿಗೋ ಕೆಲಸಕ್ಕೋ ಬ್ರಿಟನ್, ನಾರ್ವೆ, ಕೆನಡಾ ಸೇರಿದ ಮೇಲೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ ನೀರು ವರ್ಷವಿಡೀ 2ರಿಂದ 4 ಡಿಗ್ರಿ. 1919ರ ಜೂನ್ 21ರಂದು ಜರ್ಮನ್ ನೌಕಾಪಡೆ ತನ್ನ ಹಡಗುಗಳನ್ನು ತಾನೇ ಮುಳುಗಿಸಿದ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋನಲ್ಲಿ ಬೇಸಿಗೆಯ ನೀರೂ ನಮಗೆ ಐಸ್‌ನೀರೇ. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ದಾವಣಗೆರೆಯ ಬಿಸಿಲಿಗೆ ಒಗ್ಗಿದ ದೇಹಕ್ಕೆ 15 ಡಿಗ್ರಿಗಿಂತ ಕೆಳಗೆ ಡ್ರೈಸೂಟ್, ಅಂದರೆ ಒಳಗೆ ನೀರು ಬಿಡದ ಸೂಟ್, ಬೇಕು ಅನ್ನುವುದು ನನ್ನ ಲೆಕ್ಕ. 10ಕ್ಕಿಂತ ಕೆಳಗೆ ಅದರ ಬಗ್ಗೆ ಚರ್ಚೆಯೇ ಬೇಡ.

ಒಂದು ವಿಷಯ ಮೊದಲೇ ತಲೆಗೆ ಹೋಗಬೇಕು. ಡ್ರೈಸೂಟ್ ನಿಮ್ಮನ್ನು ಬೆಚ್ಚಗಿಡುವುದಿಲ್ಲ, ಒಣಗಿಸಿಡುತ್ತದೆ, ಅಷ್ಟೇ. ಬೆಚ್ಚಗಿಡುವುದು ಒಳಗಿನ ಒಳಸೂಟ್ ಮತ್ತು ಅದರ ಎಳೆಗಳ ನಡುವೆ ನಿಂತ ಗಾಳಿ. ಹಾಗಾಗಿ ಯಾವ ಕಂಪನಿ, ಯಾವ ಬಟ್ಟೆ, ಎಷ್ಟು ಜೇಬು ಅನ್ನುವುದೆಲ್ಲ ಎರಡನೇ ಮಾತು. ಒಳಸೂಟ್ ತೊಟ್ಟ ಮೇಲೆ ಸೂಟ್ ಮೈಗೆ ಕೂರುತ್ತದೆಯೇ, ಕುತ್ತಿಗೆ ಮತ್ತು ಮಣಿಕಟ್ಟಿನಲ್ಲಿ ನೀರು ತಡೆಯುವ ಪಟ್ಟಿ, ಅಂದರೆ ಸೀಲ್, ನಿಲ್ಲುತ್ತದೆಯೇ ಅನ್ನುವುದು ಮೊದಲ ಮಾತು. ಲಕ್ಷ ದಾಟುವ ಸೂಟ್ ಅಳತೆ ತಪ್ಪಿದರೆ ಬಾಡಿಗೆ ಸೂಟ್‌ಗಿಂತ ಕಡೆ.

ಎರಡು ವರ್ಷದಲ್ಲಿ ನಾಲ್ಕೈದು ಸಲ ಮಾತ್ರ ತಣ್ಣೀರಿಗೆ ಇಳಿಯುವವರು ಕೊಳ್ಳಲೇಬೇಡಿ, ಬಾಡಿಗೆಗೆ ಪಡೆಯಿರಿ. ಡ್ರೈಸೂಟ್ ಕೋರ್ಸ್ ಮುಗಿಸಿ, ಎರಡು ಬೇರೆ ಬೇರೆ ಬಗೆಯ ಸೂಟ್‌ನಲ್ಲಿ ಇಳಿದು ನೋಡಿದ ಮೇಲೆ ದುಡ್ಡು ಬಿಚ್ಚಿ.

ಬಟ್ಟೆ

ಅಂಗಡಿಯಲ್ಲಿ ಕಾಣುವುದು ಮುಖ್ಯವಾಗಿ ಎರಡು ಬಗೆ. ಟ್ರೈಲ್ಯಾಮಿನೇಟ್ ಅನ್ನುವುದು ಎರಡು ಪದರ ನೈಲಾನ್ ಅಥವಾ ಪಾಲಿಯೆಸ್ಟರ್ ನಡುವೆ ಬ್ಯೂಟೈಲ್ ರಬ್ಬರ್ ಹಾಳೆ ಕೂರಿಸಿದ ತೆಳು ಬಟ್ಟೆ. ಅದಕ್ಕೆ ತನ್ನದೇ ಶಾಖ ಇಲ್ಲ, ಹಿಗ್ಗುವುದೂ ಇಲ್ಲ. ಆದರೆ 5 ಮೀಟರ್‌ನಲ್ಲೂ 30 ಮೀಟರ್‌ನಲ್ಲೂ ಅದರ ತೇಲುವ ಗುಣ ಒಂದೇ. ಬೇಗ ಒಣಗುತ್ತದೆ, ತೂಕ ಕಡಿಮೆ, ತೂತು ಬಿದ್ದರೆ ಹುಡುಕಿ ಮುಚ್ಚುವುದು ಸುಲಭ. ಒಳಸೂಟ್ ಬದಲಿಸಿದರೆ ಅದೇ ಸೂಟ್ 4 ಡಿಗ್ರಿಗೂ ಆಗುತ್ತದೆ, 16 ಡಿಗ್ರಿಗೂ ಆಗುತ್ತದೆ.

ನಿಯೋಪ್ರೀನ್ (ಗಾಳಿಗುಳ್ಳೆ ತುಂಬಿದ ರಬ್ಬರ್) ಸೂಟ್‌ಗೆ ತನ್ನದೇ ಶಾಖ ಇದೆ, ಮೈಗೆ ಹಿಗ್ಗುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ತೊಂದರೆ ಬರುವುದು ಆಳಕ್ಕೆ ಹೋದಾಗ. ಅದರೊಳಗಿನ ಸಣ್ಣ ಗಾಳಿಗುಳ್ಳೆಗಳು ಒತ್ತಡಕ್ಕೆ ಕುಗ್ಗುತ್ತವೆ. ಶಾಖವೂ ಹೋಗುತ್ತದೆ, ತೇಲುವ ಗುಣವೂ ಹೋಗುತ್ತದೆ, ಮೇಲೆ ಬರುವಾಗ ಎರಡೂ ವಾಪಸ್ ಬರುತ್ತವೆ. ಅಂದರೆ ಮೇಲ್ಮೈಯಲ್ಲಿ ಮುಳುಗಲು ಹೆಚ್ಚು ಸೀಸ ಕಟ್ಟಬೇಕು, ಆಳದಲ್ಲಿ ಅದೇ ಸೀಸ ಭಾರವಾಗುತ್ತದೆ. ಒಣಗಲು ಹೆಚ್ಚು ಹೊತ್ತು ಬೇಕು. ವಿಮಾನದ 23 ಕೆಜಿ ಬ್ಯಾಗ್‌ನಲ್ಲಿ ದೊಡ್ಡ ಪಾಲನ್ನೇ ತಿಂದುಬಿಡುತ್ತದೆ. ಮೊದಲೇ ಒತ್ತಿ ತೆಳುಮಾಡಿದ ಕ್ರಶ್ಡ್ ನಿಯೋಪ್ರೀನ್ ಈ ಕುಗ್ಗುವ ಸಮಸ್ಯೆಯನ್ನು ಬಹಳ ಕಡಿಮೆ ಮಾಡುತ್ತದೆ, ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ. ಆದರೆ ಅದು ದುಬಾರಿ.

ಮೂರನೆಯದು ವಲ್ಕನೈಸ್ಡ್ ರಬ್ಬರ್. ಕೊಳಕು ನೀರಿನಲ್ಲಿ, ಕ್ವಾರಿ ಹೊಂಡದಲ್ಲಿ ಕೆಲಸ ಮಾಡುವ ರಕ್ಷಣಾ ಡೈವರ್‌ಗಳಿಗೆ ಇದು ಸರಿಯಾದ ಆಯ್ಕೆ. ನುಣುಪಾದ ಮೈ ತೊಳೆದರೆ ಶುದ್ಧವಾಗುತ್ತದೆ, ತೂತು ಬಿದ್ದರೆ ಸೈಕಲ್ ಟ್ಯೂಬ್ ಥರ ಪ್ಯಾಚ್ ಹಾಕಬಹುದು. ಹವ್ಯಾಸಕ್ಕೆ ಬೇಕಿಲ್ಲ.

ರಜೆಗೆ ಊರಿಗೆ ಬಂದು ಹೋಗುವವರು, ಸೂಟ್ ಹೊತ್ತು ದೇಶ ಸುತ್ತುವವರು ಟ್ರೈಲ್ಯಾಮಿನೇಟ್ ತೆಗೆದುಕೊಳ್ಳಿ. ಒಂದೇ ಊರಲ್ಲಿ ನೆಲೆಸಿ ಕಾರಿನ ಡಿಕ್ಕಿಯಲ್ಲಿ ಸೂಟ್ ಇಟ್ಟುಕೊಂಡು ವಾರಕ್ಕೊಮ್ಮೆ ಹತ್ತಿರದ ಕ್ವಾರಿಗೆ ಹೋಗುವವರಿಗೆ ನಿಯೋಪ್ರೀನ್ ಕೂಡ ಒಳ್ಳೆಯದೇ.

ಅಳತೆ

ರೆಡಿಮೇಡ್ ಎಂ, ಎಲ್ ಎಲ್ಲವೂ ಅಲ್ಲಿನವರ ಮೈಕಟ್ಟಿಗೆ ಹೊಲಿದದ್ದು. ನಮ್ಮಲ್ಲಿ ಬಹಳ ಜನರಿಗೆ ಎದೆ ಸುತ್ತಳತೆ ಸರಿಹೋದರೆ ಕಾಲು ಉದ್ದವಾಗುತ್ತದೆ, ಕಾಲು ಸರಿಹೋದರೆ ಹೊಟ್ಟೆ ಬಿಗಿಯುತ್ತದೆ. ಉದ್ದ ಹೆಚ್ಚಾದ ಕಾಲು ಬರೀ ಅಂದದ ಪ್ರಶ್ನೆ ಅಲ್ಲ. ಹೆಚ್ಚುವರಿ ಬಟ್ಟೆಯಲ್ಲಿ ಗಾಳಿ ಕೂರುತ್ತದೆ, ತಲೆ ಸ್ವಲ್ಪ ಕೆಳಗಾದರೆ ಆ ಗಾಳಿ ಪಾದಕ್ಕೆ ಓಡುತ್ತದೆ, ಬೂಟ್ ಉಬ್ಬಿ ಕಾಲಿಂದ ಕಳಚುತ್ತದೆ, ಪಾದಕ್ಕೆ ಹಾಕುವ ಫಿನ್ (ಈಜುರೆಕ್ಕೆ) ಬಿದ್ದುಹೋಗುತ್ತದೆ. ಆಗ ಕಾಲು ಮೇಲಾಗಿ ತಡೆಯಿಲ್ಲದೆ ಮೇಲ್ಮೈಗೆ ಏರುವ ಅಪಾಯ. ಗಾಳಿ ಹೊರಬಿಡುವ ವಾಲ್ವ್ ಎಡತೋಳಿನಲ್ಲಿದೆ. ಕಾಲು ಮೇಲಿದ್ದಾಗ ಅದು ಕೆಲಸಕ್ಕೆ ಬರುವುದಿಲ್ಲ.

ಆದ್ದರಿಂದ ಅಳತೆ ಕೊಟ್ಟು ಹೊಲಿಸುವುದು ಮೇಲು. ಇಲ್ಲಿ ನಮ್ಮೂರಿನ ಟೈಲರ್ ಬಹಳ ಉಪಯೋಗಕ್ಕೆ ಬರುತ್ತಾರೆ. ತಯಾರಕರ ಫಾರ್ಮ್ ಪ್ರಿಂಟ್ ತೆಗೆಸಿಕೊಂಡು ಹೋಗಿ, ಚಿತ್ರ ತೋರಿಸಿ, ಒಂದೊಂದಾಗಿ ಅಳೆಸಿ. ಎರಡು ಮಾತು ಮೊದಲೇ ಹೇಳಿ. ಒಂದು, ಸೆಂಟಿಮೀಟರ್‌ನಲ್ಲಿ ಬರೆಯಿರಿ, ಇಂಚಿನಲ್ಲಿ ಬೇಡ. ಎರಡು, "ಲೂಸ್" ಸೇರಿಸಬೇಡಿ. ನಮ್ಮ ಟೈಲರ್‌ಗಳು ಅಭ್ಯಾಸಬಲದಿಂದ ಎದೆಗೆ, ಸೀಟಿಗೆ ಎರಡಿಂಚು ಸೇರಿಸಿಯೇ ಬರೆಯುತ್ತಾರೆ. ತಯಾರಕರೂ ಒಳಸೂಟ್‌ಗೆಂದು ತಮ್ಮ ಲೆಕ್ಕದ ಸಡಿಲ ಸೇರಿಸುತ್ತಾರೆ. ಎರಡೂ ಕೂಡಿದರೆ ಸೂಟ್ ಚೀಲವಾಗುತ್ತದೆ. ಮೈಗಂಟಿದ ತೆಳು ಬಟ್ಟೆಯ ಮೇಲೆ ಅಳೆಸಿ, ಯಾವ ಒಳಸೂಟ್ ಹಾಕುತ್ತೀರಿ, ಅದು ಎಷ್ಟು ದಪ್ಪ ಅನ್ನುವುದನ್ನು ಫಾರ್ಮ್‌ನಲ್ಲಿ ಬೇರೆ ಬರೆಯಿರಿ.

ಹೆಚ್ಚು ತಪ್ಪಾಗುವ ಅಳತೆ ಭುಜದಿಂದ ತೊಡೆಸಂದಿನ ಮೂಲಕ ಹಿಂದೆ ಸುತ್ತಿ ಅದೇ ಭುಜಕ್ಕೆ ಬರುವ ಸುತ್ತು. ಸಾಮಾನ್ಯ ಶರ್ಟು ಪ್ಯಾಂಟಿಗೆ ಈ ಅಳತೆ ಬೇಕಿಲ್ಲವಾದ್ದರಿಂದ ಟೇಪು ಸಡಿಲ ಬಿಡುತ್ತಾರೆ ಅಥವಾ ಎಳೆದು ಹಿಡಿಯುತ್ತಾರೆ. ನೇರ ನಿಂತು, ಉಸಿರು ಸಹಜವಾಗಿ ಬಿಟ್ಟು, ಟೇಪು ಮೈಗೆ ತಾಗುವಷ್ಟೇ ಹಿಡಿದು ಮೂರು ಸಲ ಅಳೆಸಿ. ಮೂರೂ ಒಂದು ಸೆಂಟಿಮೀಟರ್ ಒಳಗೆ ಬರಬೇಕು. ತೋಳಿನ ಉದ್ದವನ್ನು ಬೆನ್ನಿನ ನಡುವಿನಿಂದ, ಮೊಣಕೈ ಮಡಚಿ, ಮಣಿಕಟ್ಟಿನ ಎಲುಬಿನವರೆಗೆ. ಕುತ್ತಿಗೆ, ಮಣಿಕಟ್ಟು, ತಲೆಯ ಸುತ್ತಳತೆ, ಮೀನಖಂಡ, ತೊಡೆ, ಪಾದದ ಉದ್ದ ಇವೂ ಬೇಕು. ಪಾದವನ್ನು ದಪ್ಪ ಕಾಲುಚೀಲ ಹಾಕಿ ಅಳೆಯಿರಿ. ಡ್ರೈಸೂಟ್ ಬೂಟ್‌ಗೆ ನಿಮ್ಮ ಹಳೆಯ ಫಿನ್ ಹಿಡಿಯುವುದಿಲ್ಲ, ದೊಡ್ಡ ಅಳತೆಯದು ಬೇಕಾಗುತ್ತದೆ ಅನ್ನುವುದನ್ನೂ ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ಸೂಟ್ ಕೈಗೆ ಬಂದ ದಿನ ಅತಿ ದಪ್ಪ ಒಳಸೂಟ್ ಹಾಕಿ ತೊಟ್ಟು ನೋಡಿ. ಪೂರ್ತಿ ಕುಕ್ಕುರುಗಾಲಲ್ಲಿ ಕುಳಿತು ಕುತ್ತಿಗೆ ಸೀಲ್ ಬೆರಳಿಂದ ಸ್ವಲ್ಪ ಬಿಡಿಸಿ ಗಾಳಿ ಹೊರಬಿಡಿ, ಎದ್ದು ನಿಲ್ಲಿ. ಎರಡೂ ಕೈ ಎದುರಿಗೆ ಅಡ್ಡ ತಂದು ಎದುರು ಭುಜ ಮುಟ್ಟಿ. ಕೈ ಹಿಂದೆ ಚಾಚಿ ಸಿಲಿಂಡರ್ ವಾಲ್ವ್ ಇರುವ ಜಾಗ ತಲುಪುತ್ತದೆಯೇ ನೋಡಿ. ಒಂದು ಕಾಲು ಕುರ್ಚಿಯ ಮೇಲಿಡಿ. ಇದರಲ್ಲಿ ಯಾವುದಕ್ಕಾದರೂ ಬಟ್ಟೆ ತಡೆದರೆ ವಾಪಸ್ ಕಳಿಸಿ. ಏಪ್ರಿಲ್-ಮೇನಲ್ಲಿ ಊರಲ್ಲಿದ್ದು ಈ ಪರೀಕ್ಷೆ ಮಾಡುವುದಾದರೆ ಬೆಳಗಿನ ಜಾವ, ಫ್ಯಾನ್ ಕೆಳಗೆ, ಹತ್ತು ನಿಮಿಷದೊಳಗೆ ಮುಗಿಸಿ, ಪಕ್ಕದಲ್ಲಿ ಒಬ್ಬರಿರಲಿ. ಬೆವರು ಆರಲು ದಾರಿಯಿಲ್ಲದ ಸೂಟ್‌ನಲ್ಲಿ 38 ಡಿಗ್ರಿ ಸೆಖೆ ಬಹಳ ಬೇಗ ತಲೆಸುತ್ತು ತರುತ್ತದೆ.

ಸೀಲ್, ಜಿಪ್, ವಾಲ್ವ್

ನೀರು ಒಳಗೆ ಬರುವುದು ಹೆಚ್ಚಾಗಿ ಬಟ್ಟೆಯಿಂದಲ್ಲ, ಈ ಮೂರರಿಂದ.

ಲೇಟೆಕ್ಸ್ ಸೀಲ್ ಚೆನ್ನಾಗಿ ಹಿಗ್ಗುತ್ತದೆ, ಅಂಟು ಹಾಕಿ ಬದಲಿಸಬಹುದು. ಶತ್ರುಗಳು ಎಣ್ಣೆ, ಬಿಸಿಲು, ಓಝೋನ್. ಸಿಲಿಕೋನ್ ಸೀಲ್ ಮೃದು, ಲೇಟೆಕ್ಸ್ ಅಲರ್ಜಿ ಇರುವವರಿಗೆ ಹೊಂದುತ್ತದೆ, ಆದರೆ ಉಗುರು ತಾಗಿ ಒಂದು ಗೀಟು ಬಿದ್ದರೂ ಸರ್ರನೆ ಹರಿದುಹೋಗುತ್ತದೆ, ಮಾಮೂಲಿ ಅಂಟು ಅದಕ್ಕೆ ಹಿಡಿಯುವುದೇ ಇಲ್ಲ. ಹಾಗಾಗಿ ಅದು ಪ್ಲಾಸ್ಟಿಕ್ ರಿಂಗ್ ವ್ಯವಸ್ಥೆಯೊಂದಿಗೆ ಬರುತ್ತದೆ. ಸ್ವೀಡನ್ನಿನ ಸೈಟೆಕ್ ರಿಂಗ್‌ಗಳು ಎಲ್ಲೆಡೆ ಕಾಣುತ್ತವೆ. ಹರಿದ ಸೀಲನ್ನು ದಡದಲ್ಲೇ ಕೆಲವು ನಿಮಿಷದಲ್ಲಿ ಬದಲಿಸಬಹುದು. ರಿಪೇರಿ ಅಂಗಡಿ ಹತ್ತಿರವಿಲ್ಲದ ನಮ್ಮಂಥವರಿಗೆ ರಿಂಗ್ ವ್ಯವಸ್ಥೆಗೆ ಹೆಚ್ಚು ಕೊಟ್ಟ ದುಡ್ಡು ದಂಡವಲ್ಲ. ನಿಯೋಪ್ರೀನ್ ಸೀಲ್ ಗಟ್ಟಿ, ಬೆಚ್ಚಗೆ, ಕುತ್ತಿಗೆಯಲ್ಲಿ ಒಳಮಡಿಸಿ ಹಾಕಬೇಕು, ಹನಿ ನೀರು ಬರುವ ಸಾಧ್ಯತೆ ಉಳಿದೆರಡಕ್ಕಿಂತ ಜಾಸ್ತಿ.

ಹೊಸ ಲೇಟೆಕ್ಸ್ ಕುತ್ತಿಗೆ ಸೀಲ್ ಉಸಿರುಗಟ್ಟಿಸುವಷ್ಟು ಬಿಗಿ ಇರುತ್ತದೆ. ಅದನ್ನು ಸಹಿಸಿಕೊಂಡು ನೀರಿಗಿಳಿಯಬೇಡಿ. ಕುತ್ತಿಗೆಯ ಎರಡು ಬದಿಯ ರಕ್ತನಾಳಗಳ ಮೇಲೆ ಒತ್ತಡ ಬಿದ್ದರೆ ಹೃದಯಬಡಿತ ನಿಧಾನವಾಗಿ ಕಣ್ಣು ಕತ್ತಲೆಗಟ್ಟುತ್ತದೆ, ಪ್ರಜ್ಞೆ ತಪ್ಪಲೂಬಹುದು. ಮೊದಲು ನಿಮ್ಮ ಕುತ್ತಿಗೆ ಸುತ್ತಳತೆಯದೇ ಒಂದು ಸ್ಟೀಲ್ ಡಬ್ಬ ಹುಡುಕಿ, ಅಂಚು ಚೂಪಿಲ್ಲವೆಂದು ನೋಡಿ, ಸೀಲನ್ನು ಅದಕ್ಕೆ ಏರಿಸಿ ಒಂದು ರಾತ್ರಿ ಬಿಡಿ. ಆಮೇಲೂ ಬಿಗಿಯೆನಿಸಿದರೆ ಕತ್ತರಿಸಿ. ಇನ್ನೊಬ್ಬರ ಕೈಯಲ್ಲಿ ಸೀಲ್ ಸಮವಾಗಿ ಎಳೆಸಿ ಹಿಡಿಸಿ, ಹರಿತವಾದ ದೊಡ್ಡ ಕತ್ತರಿಯಲ್ಲಿ ನಿಲ್ಲಿಸದೆ ಒಂದೇ ಸುತ್ತು, 5 ಮಿ.ಮೀ.ಗಿಂತ ಹೆಚ್ಚಿಲ್ಲದಂತೆ. ನಡುವೆ ಕತ್ತರಿ ನಿಂತರೆ ಅಲ್ಲಿ ಮೂಲೆ ಬೀಳುತ್ತದೆ, ಸೀಲ್ ಹರಿಯಲು ಶುರುವಾಗುವುದೇ ಆ ಮೂಲೆಯಿಂದ. ಹತ್ತು ನಿಮಿಷ ಹಾಕಿಕೊಂಡು ಕುಳಿತು ನೋಡಿ, ಬೇಕಿದ್ದರೆ ಇನ್ನೊಂದು ಸುತ್ತು. ಕೆಲವು ಡೈವ್ ಆದ ಮೇಲೆ ಲೇಟೆಕ್ಸ್ ತಾನೇ ಸ್ವಲ್ಪ ಸಡಿಲವಾಗುತ್ತದೆ. ಒಂದೇ ಏಟಿಗೆ ಜಾಸ್ತಿ ಕತ್ತರಿಸಿದವರು ಹೊಸ ಸೀಲ್ ಕೊಳ್ಳಬೇಕಾಗುತ್ತದೆ.

ಮಣಿಕಟ್ಟಿನ ಕಥೆ ಬೇರೆ. ತೆಳು ಕೈ ಇರುವವರಿಗೆ ಮುಷ್ಟಿ ಬಿಗಿದಾಗ ಒಳಭಾಗದಲ್ಲಿ ಎರಡು ನರದಂತೆ ಎದ್ದು ಕಾಣುವ ಸ್ನಾಯುಹುರಿಗಳ ನಡುವೆ ಸಣ್ಣ ಕಾಲುವೆ ಉಂಟಾಗುತ್ತದೆ. ಸೀಲ್ ಎಷ್ಟೇ ಹೊಸದಿದ್ದರೂ ನೀರು ಆ ಕಾಲುವೆಯಲ್ಲಿ ಒಳಗೆ ಬರುತ್ತದೆ. ಸೀಲ್ ಕೆಟ್ಟಿದೆ ಎಂದು ಬದಲಿಸುವ ಮೊದಲು ಅದನ್ನು ಮಣಿಕಟ್ಟಿನ ಗಂಟಿಗಿಂತ ಮೇಲೆ, ತೋಳಿನ ಕಡೆಗೆ ಒಂದೆರಡು ಬೆರಳು ಸರಿಸಿ ನೋಡಿ. ಅಲ್ಲಿ ಕೈ ದುಂಡಗಿರುತ್ತದೆ.

ನಮ್ಮ ಅಭ್ಯಾಸಗಳಲ್ಲಿ ಸೀಲ್ ಕೆಡಿಸುವಂಥವು ಕೆಲವಿವೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕುತ್ತಿಗೆಗಿಳಿದು ಲೇಟೆಕ್ಸನ್ನು ಅಂಟಂಟಾಗಿಸುತ್ತದೆ, ಡೈವ್ ಹಿಂದಿನ ದಿನವೇ ತಲೆ ತೊಳೆದು ಎಣ್ಣೆ ಬಿಡಿ. ಬಳೆ, ಕಡಗ, ಉಂಗುರ, ಓಲೆ ಬಿಚ್ಚಿಯೇ ಸೀಲ್‌ನೊಳಗೆ ಕೈ, ತಲೆ ತೂರಿಸಿ. ತಾಳಿ ಸರ ಕುತ್ತಿಗೆ ಸೀಲ್ ಕೆಳಗೆ ಸಿಕ್ಕಿಕೊಂಡರೆ ನೀರು ಗ್ಯಾರಂಟಿ. ಜಡೆಯಿಂದ ಬಿಡಿಸಿಕೊಂಡ ನಾಲ್ಕು ಕೂದಲೆಳೆ ಸಾಕು, ಬೆನ್ನಿಗೆ ತಣ್ಣನೆ ಗೆರೆ ಇಳಿಯುತ್ತದೆ. ಸುವಾಸನೆಯ ಮುಖದ ಪೌಡರ್ ಬೇಡ, ಪರಿಮಳದ ಎಣ್ಣೆಯೂ ರಬ್ಬರ್‌ಗೆ ವಿಷವೇ. ವಾಸನೆಯಿಲ್ಲದ ಟಾಲ್ಕ್ ಲೇಟೆಕ್ಸ್‌ಗೆ ಸರಿ.

ಜಿಪ್‌ನಲ್ಲಿ ಹಿತ್ತಾಳೆಯದು, ಪ್ಲಾಸ್ಟಿಕ್‌ನದು ಎಂದು ಎರಡು. ಹಿತ್ತಾಳೆಯದು ಬಾಳಿಕೆ ಬರುತ್ತದೆ, ಆದರೆ ಚೂಪಾಗಿ ಮಡಚಿದರೆ ಹಲ್ಲು ಹೊರಳಿಹೋಗುತ್ತದೆ. ಹೊರಗಿನಿಂದ ಮೇಣ ತಿಕ್ಕಬೇಕು. ಪ್ಲಾಸ್ಟಿಕ್‌ನದಕ್ಕೆ ತಯಾರಕರ ಗ್ರೀಸನ್ನು ಕೊನೆಗೆ ಜಿಪ್ ಬಂದು ಕೂರುವ ತುದಿಯಲ್ಲಷ್ಟೇ ಹಚ್ಚಬೇಕು, ಉದ್ದಕ್ಕೂ ಬಳಿದರೆ ಮರಳು ಕೂರುತ್ತದೆ. ಬೆನ್ನ ಹಿಂದಿನ ಜಿಪ್ ಅಗ್ಗ, ಹಾಕಲು ಇನ್ನೊಬ್ಬರು ಬೇಕು. ಎದೆಗೆ ಅಡ್ಡಲಾಗಿ ಬರುವ ಮುಂದಿನ ಜಿಪ್ ನೀವೇ ಹಾಕಿಕೊಳ್ಳಬಹುದು. ಪರಿಚಯವಿಲ್ಲದ ಊರಲ್ಲಿ ಹೊಸ ಜೊತೆಗಾರರೊಂದಿಗೆ ಇಳಿಯುವವರಿಗೆ ಮುಂದಿನದೇ ವಾಸಿ. ಯಾವುದಾದರೂ ಸರಿ, ಕೊನೆಯ ಒಂದು ಸೆಂಟಿಮೀಟರ್ ಕಣ್ಣಿಟ್ಟು ನೋಡಿ. ಸೂಟ್ ಪೂರ್ತಿ ನೀರು ತುಂಬಿದ ಪ್ರಸಂಗಗಳಲ್ಲಿ ಬಹಳಷ್ಟಕ್ಕೆ ಕಾರಣ ಅಲ್ಲಿ ಮುಚ್ಚದೆ ಉಳಿದ ಜಿಪ್. ಜಿಪ್ ಕೆಟ್ಟರೆ ಬ್ಯಾಗ್ ರಿಪೇರಿಯವರ ಹತ್ತಿರ ಒಯ್ಯಬೇಡಿ, ಹೊಲಿಗೆಯ ಒಂದೊಂದು ಸೂಜಿ ತೂತೂ ಸೋರುತ್ತದೆ. ಅದನ್ನು ತಯಾರಕರಿಗೇ ಕಳಿಸಬೇಕು, ಸೂಟ್‌ನ ಅತಿ ದುಬಾರಿ ರಿಪೇರಿ ಅದೇ. ಹಾಗಾಗಿ ಸೆಕೆಂಡ್ ಹ್ಯಾಂಡ್ ಸೂಟ್ ನೋಡುವಾಗ ಮೊದಲು ಜಿಪ್‌ನ ಒಳಪಟ್ಟಿಯಲ್ಲಿ ನೂಲು ಎದ್ದಿದೆಯೇ ನೋಡಿ. ಸೀಲ್ ಹಳೆಯದಾಗಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು, ಜಿಪ್ ಸವೆದಿದ್ದರೆ ಬಿಟ್ಟುಬಿಡಿ.

ವಾಲ್ವ್ ಗಾಳಿ ಒಳಬಿಡಲು ಎದೆಯ ಮೇಲೊಂದು, ಹೊರಬಿಡಲು ಎಡತೋಳಿನಲ್ಲೊಂದು. ಎದೆಯದಕ್ಕೆ ರೆಗ್ಯುಲೇಟರ್‌ನ (ಸಿಲಿಂಡರ್‌ನ ಗಾಳಿಯನ್ನು ಉಸಿರಾಟಕ್ಕೆ ತಗ್ಗಿಸಿ ಕೊಡುವ ಉಪಕರಣ) ಕಡಿಮೆ ಒತ್ತಡದ ಪೋರ್ಟ್‌ನಿಂದ ಹೋಸ್ ಬರಬೇಕು. ಈ ಹೋಸ್‌ನ ತುದಿಯಲ್ಲಿ ಒಂದಕ್ಕೊಂದು ಕೂರದ ಎರಡು ಬಗೆ ಇವೆ, ಆದ್ದರಿಂದ ಸೂಟ್ ಜೊತೆ ಬಂದ ಹೋಸನ್ನೇ ಎಲ್ಲಿ ಹೋದರೂ ಒಯ್ಯಿರಿ. ಅತಿ ತಣ್ಣನೆ ನೀರಿನಲ್ಲಿ ಗುಂಡಿಯನ್ನು ಒತ್ತಿಹಿಡಿಯಬೇಡಿ, ಚಿಕ್ಕ ಚಿಕ್ಕ ಒತ್ತು ಸಾಕು. ಉಸಿರೆಳೆಯುತ್ತಲೇ ಸೂಟ್‌ಗೂ ತೇಲಲು ಗಾಳಿ ತುಂಬುವ ಜಾಕೆಟ್‌ಗೂ ಒಟ್ಟಿಗೆ ಗಾಳಿ ಬಿಟ್ಟರೆ ರೆಗ್ಯುಲೇಟರ್ ಹೆಪ್ಪುಗಟ್ಟಿ ಗಾಳಿ ಒಂದೇ ಸಮ ಸುರಿಯಲು ಶುರುವಾಗಬಹುದು.

ಒಳಸೂಟ್

ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ, ಆದರೂ ಒಳಗೆ ಹತ್ತಿ ಬೇಡ. ಬನಿಯನ್ ಕೂಡ ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಆ ಒದ್ದೆ ಮೈಗಂಟಿ ಶಾಖ ಎಳೆಯುತ್ತದೆ. ಮೈಗೆ ತಾಗುವ ಪದರ ಮೆರಿನೋ ಉಣ್ಣೆ ಅಥವಾ ಪಾಲಿಪ್ರೊಪಿಲೀನ್ ಇರಲಿ. ಅದರ ಮೇಲೆ 10-15 ಡಿಗ್ರಿ ನೀರಿಗೆ 200 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಆಸುಪಾಸಿನ ಫ್ಲೀಸ್ ಅಥವಾ ಥಿನ್ಸುಲೇಟ್ ಎಂಬ ಕೃತಕ ಎಳೆಯ ಬಟ್ಟೆ, 4-10 ಡಿಗ್ರಿಗೆ 300ರಿಂದ 400, ಅದಕ್ಕೂ ಕೆಳಗೆ ಒಂದು ವೆಸ್ಟ್ ಹೆಚ್ಚು. ಬ್ಯಾಟರಿಯಿಂದ ಬಿಸಿಯಾಗುವ ವೆಸ್ಟ್ ಹಾಕಿದರೂ ಅದು ಕೈಕೊಟ್ಟಾಗ ಡೈವ್ ಮುಗಿಸಿ ಮೇಲೆ ಬರುವಷ್ಟು ಶಾಖ ಉಳಿದ ಪದರಗಳಲ್ಲೇ ಇರಬೇಕು.

ಚಳ್ಳಕೆರೆ ಕಂಬಳಿ ಹಾಕಿ ಬೆಳೆದವರಿಗೆ ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ ಅನ್ನುವುದು ಗೊತ್ತಿರುವ ಸಂಗತಿ. ಆದರೆ ನಮ್ಮ ಕುರಿಯ ಉಣ್ಣೆ ಒರಟು. ಮೈಗೆ ಚುಚ್ಚುತ್ತದೆ, ಅದಕ್ಕಿಂತ ಮುಖ್ಯವಾಗಿ ಎಳೆ ಉದುರುತ್ತದೆ. ಉದುರಿದ ಎಳೆ ತೋಳಿನ ವಾಲ್ವ್‌ನ ಪೊರೆಯಡಿ ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಎಡತೋಳು ಒದ್ದೆಯಾಗುತ್ತದೆ. ಎಡತೋಳು ಮಾತ್ರ ಒದ್ದೆಯಾದರೆ ಮೊದಲು ಅಲ್ಲಿಯೇ ನೋಡಿ.

ಒಳಸೂಟ್ ಬದಲಾದಾಗಲೆಲ್ಲ ಸೀಸದ ಲೆಕ್ಕವೂ ಬದಲಾಗುತ್ತದೆ. ಸಿಲಿಂಡರ್‌ನಲ್ಲಿ 50 ಬಾರ್ ಉಳಿದಿರುವಾಗ, ಜಾಕೆಟ್ ಖಾಲಿ, ತೋಳಿನ ವಾಲ್ವ್ ಪೂರ್ತಿ ತೆರೆದು, ಸೂಟ್‌ನಲ್ಲಿ ಮೈ ಚಿವುಟದಷ್ಟೇ ಗಾಳಿಯಿಟ್ಟು 5 ಮೀಟರ್‌ನಲ್ಲಿ ನಿಲ್ಲಲು ಆಗಬೇಕು. ಸಿಹಿನೀರಿನ ಕ್ವಾರಿಯಲ್ಲಿ ಸರಿಯಾದ ತೂಕ ಸಮುದ್ರದಲ್ಲಿ ಎರಡು-ಮೂರು ಕೆಜಿ ಕಡಿಮೆ ಬೀಳುತ್ತದೆ.

ಊರಿಗೆ ತಂದ ಮೇಲೆ

ಜಿಪ್ ಮುಚ್ಚಿ ಹೊರಭಾಗ ತೊಳೆಯಿರಿ, ವಾಲ್ವ್‌ಗಳ ಮೇಲೆ ಉಗುರುಬೆಚ್ಚಗಿನ ನೀರು ಹರಿಸಿ. ಇಲ್ಲಿ ಬೋರ್‌ವೆಲ್ ನೀರಿನ ವಿಷಯದಲ್ಲಿ ಎಚ್ಚರ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಬಹಳ ಕಡೆ ಅದು ಗಡಸು, ಒಣಗಿದ ಮೇಲೆ ವಾಲ್ವ್ ಸ್ಪ್ರಿಂಗ್‌ನಲ್ಲಿ, ಜಿಪ್ ಹಲ್ಲಿನಲ್ಲಿ ಬಿಳಿ ಪುಡಿ ಬಿಡುತ್ತದೆ. ಕೊನೆಯ ಸುತ್ತಿಗೆ ಶುದ್ಧ ನೀರಿನ ಘಟಕದ ಒಂದು 20 ಲೀಟರ್ ಕ್ಯಾನ್ ತನ್ನಿ. ಹೊರಮೈ ಒಣಗಿದ ಮೇಲೆ ಒಳಮೈ ತಿರುವಿ ನೆರಳಲ್ಲಿ ಒಣಗಿಸಿ, ತಾರಸಿಯ ಬಿಸಿಲಿಗೆ ಹಾಕಬೇಡಿ.

ಮೋಟಾರ್ ಓಡುವ ಜಾಗದಲ್ಲಿ ಓಝೋನ್ ಉಂಟಾಗುತ್ತದೆ, ಲೇಟೆಕ್ಸ್ ಅದಕ್ಕೆ ಬಿರುಕು ಬಿಡುತ್ತದೆ. ಆದ್ದರಿಂದ ಪಂಪ್, ಫ್ರಿಜ್ ಇರುವ ಕೋಣೆ ಬೇಡ. ಶೀಟಿನ ಮಾಳಿಗೆಯ ಅಟ್ಟವೂ ಬೇಡ. ತಂಪಾದ ಒಳಕೋಣೆಯ ಬೀರುವಿನಲ್ಲಿ, ದಪ್ಪ ಪ್ಲಾಸ್ಟಿಕ್ ಚೀಲದೊಳಗೆ, ಸೀಲ್‌ಗಳಿಗೆ ಟಾಲ್ಕ್ ಹಾಕಿ, ಸಡಿಲವಾಗಿ ಸುತ್ತಿಡಿ. ಹಿತ್ತಾಳೆ ಜಿಪ್ ತೆರೆದಿಡಿ. ಪ್ಲಾಸ್ಟಿಕ್‌ನದಾದರೆ ತಯಾರಕರ ಕೈಪಿಡಿ ಹೇಳಿದಂತೆ.

ಮತ್ತೆ ಹೊರಡುವ ಎರಡು ವಾರ ಮೊದಲು ಸೋರಿಕೆ ಪರೀಕ್ಷೆ ಮಾಡಿ. ಮಣಿಕಟ್ಟಿನ ಸೀಲ್‌ಗೆ ಎರಡು ದುಂಡು ಬಾಟಲಿ, ಕುತ್ತಿಗೆಗೆ ಆಗ ಹೇಳಿದ ಡಬ್ಬ ಕೂರಿಸಿ, ಜಿಪ್ ಮುಚ್ಚಿ, ತೋಳಿನ ವಾಲ್ವ್ ಪೂರ್ತಿ ತಿರುಗಿಸಿ ಬಿಗಿಮಾಡಿ. ಸಿಲಿಂಡರ್ ಇಲ್ಲದಿದ್ದರೆ ಕುತ್ತಿಗೆ ಮುಚ್ಚುವ ಮುನ್ನ ಬ್ಲೋವರ್‌ನಿಂದ ಗಾಳಿ ತುಂಬಿ, ಆಮೇಲೆ ಸೂಟನ್ನು ಒಂದು ತುದಿಯಿಂದ ಸುರುಳಿ ಸುತ್ತುತ್ತಾ ಗಾಳಿಯನ್ನು ಒಂದೊಂದು ಭಾಗಕ್ಕೆ ಒತ್ತಿ. ಸೋಪಿನ ನೀರು ಸ್ಪ್ರೇ ಮಾಡಿ, ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಒಣಗಿಸಿ, ಒಳಗಿನಿಂದ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಅಕ್ವಾಶೂರ್ ಎಂಬ ಅಂಟನ್ನು ತೆಳುವಾಗಿ ಬಳಿದು 24 ಗಂಟೆ ಮುಟ್ಟದೆ ಬಿಡಿ. ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಲೇಟೆಕ್ಸ್ ಸೀಲನ್ನು ಒಂದೆರಡು ಡೈವ್‌ಗೆ ತಾತ್ಕಾಲಿಕವಾಗಿ ಹಿಡಿಸಬಹುದು. ಟ್ರೈಲ್ಯಾಮಿನೇಟ್ ಬಟ್ಟೆಗೂ ಸಿಲಿಕೋನ್‌ಗೂ ಅದನ್ನು ಹಚ್ಚಬೇಡಿ. ಹೊರಡುವ ಬ್ಯಾಗ್‌ನಲ್ಲಿ ಒಂದು ಜೊತೆ ಮಣಿಕಟ್ಟಿನ ಸೀಲ್, ಒಂದು ಕುತ್ತಿಗೆ ಸೀಲ್, ಮೇಣ ಅಥವಾ ಗ್ರೀಸ್, ಆ ಹೋಸ್ ಮತ್ತು ಅದರ ಓ-ರಿಂಗ್ ಇರಲಿ.